ಉಪ್ಪುನೀರಿನ ಇಲಿ

ಮೊದಲ ತೊಟ್ಟಿ ತುಂಬಬೇಕು,
ಆಮ್ಯಾಲ ಹಾಲಿನ ಪುಡಿ, ತಳ ಕಾಣದಂಗ ಆಗೂತನಕ ಕಲಸಬೇಕು.
ಬೆಳ್ಳನ ನೀರಿನ ಕೆಳಗ ಅಂಗೈಯಷ್ಟು ಒಂದು ಕಟ್ಟಿ ಐತಿ.
ಇಲಿ ಈಜಿ ಈಜಿ ಅದನ್ನ ಹುಡುಕಬೇಕು, ಹತ್ತಿ ನಿಂತು ಮೈ ಝಾಡಿಸಬೇಕು,
ನಾಳೆ ಮತ್ತ ಬಿಟ್ಟಾಗ ಸೀದಾ ಅಲ್ಲಿಗೇ ಹೋಗಬೇಕು.
ನೆನಪು ಅಂದ್ರ ಇಷ್ಟು, ನಮ್ಮ ಕಾಲೇಜಿನ್ಯಾಗ.
ಗಡಿಯಾರ ಒತ್ತಾಕಿ ತಹಸೀನ್ ಮುಲ್ಲಾ, ಸಂಕೇಶ್ವರದ ಹುಡುಗಿ.
ಬಕೀಟು ಹಿಡದು ನಿಂದ್ರಾಂವ ನಾನು.

ಫ್ರಿಜ್ಜಿನ್ಯಾಗ ಮೂರು ಶೀಷೆ.
ಒಂದರಾಗ ಏಳು ಮಣಿಯ ಸರ ಐತಿ ಅಂದಳು,
ಕೈಗವಸಿನ ಮ್ಯಾಲ ಪೆನ್ನಿಲೆ ಏಳು ಚುಕ್ಕಿ ಇಟ್ಟು ತೋರಿಸಿದಳು:
ಮಣಿ ಅದಲಿಬದಲಿ ಆದ್ರ ಸರ ಕೆಲಸ ಮಾಡಂಗಿಲ್ಲ ಕಾಕಾ.
ಇನ್ನೊಂದು ಹಂದಿಯ ಮೆದುಳಿಂದ ತಗದದ್ದು;
ಅದನ್ನ ಹೇಳೂಮುಂದ ದನಿ ಸಣ್ಣ ಮಾಡಿದಳು,
ನಾನೂ ಕೇಳಿಸಿಕೊಳ್ಳದವರಂಗ ಇದ್ದೆ.
ಮೂರನೇದು ಬರೇ ಉಪ್ಪುನೀರು.
ಯಾವುದು ಹೆಚ್ಚು, ಯಾವುದು ಕಡಿಮಿ,
ತೂಗಿ ತೂಗಿ ಆಕಿಯ ಮೂರು ವರ್ಷ ಹೋಗ್ಯಾವು.
ಬಾಲಕ್ಕ ಬಣ್ಣ: ಹಸರು, ಹಳದಿ, ಜಾಂಬಳಿ.
ಯಾವ ಬಣ್ಣಕ್ಕ ಯಾವ ಶೀಷೆ, ಆ ಚೀಟಿ ಮೇಡಂ ಕಪಾಟಿನ್ಯಾಗ.

ಕರೆಂಟು ಹೋದ ರಾತ್ರಿ
ಬರ್ಫ ತರಾಕ ಖಡೇಬಜಾರಿಗೆ ಓಡಿದವ ನಾನ.
ನೆನಪು ಕೆಡಬಾರದಲ್ಲ.

ನಮ್ಮ ಓಣಿಯ ಪದ್ಮಾವತಿ ವೈನಿಗೆ ಇದು ಹೆಂಗ ಗೊತ್ತಾತೋ.
ಉಪಾಧ್ಯೆ ಅವರು ಮೊನ್ನೆ ಗಣಪತ ಗಲ್ಲಿಯೊಳಗ
ತಮ್ಮ ಹಿತ್ತಾಳಿ ಅಂಗಡಿ ಮುಂದನ ನಿಂತು
ಉಪಾಧ್ಯೆ ಅಂಗಡಿ ಎಲ್ಲಿ ಬರ್ತೈತ್ರೀ ಅಂತ ಕೇಳಿದರಂತ.
ಆಳು ಹುಡುಗ ನಕ್ಕನಂತ, ಆಮ್ಯಾಲ ಅತ್ತನಂತ.
'ಒಂದ ಹನಿ ತಂದುಕೊಡು ಭರಮಣ್ಣ, ಮೂಗಿನಾಗ ಬಿಡತೀನಿ.'
'ಮನುಷ್ಯಾರಿಗಲ್ಲ ಅಂತ ಶೀಷೆ ಮ್ಯಾಲ ಬರದಾರ್ರಿ.'
'ಇಲಿ ನೆನಪಿಟ್ಟು ಏನು ಮಾಡತೈತಿ?'
ನನ್ನ ಹತ್ರ ಉತ್ತರ ಇರಲಿಲ್ಲ.
ಹಂದಿ ಸುದ್ದಿ ಎತ್ತಲಿಲ್ಲ. ಚಾ ಕುಡದು ಬಂದೆ.

ಹನ್ನೆರಡನೇ ದಿನ ಚೀಟಿ ತಗದರು.
ಹಸರು ಒಂಬತ್ತು ಸೆಕೆಂಡು, ಹಳದಿ ಒಂಬತ್ತು,
ಜಾಂಬಳಿ, ಅಂದ್ರ ಉಪ್ಪುನೀರು, ಅದೂ ಒಂಬತ್ತು.
ತಹಸೀನ್ ಮೂರು ಸಲ ಲೆಕ್ಕಾ ಮಾಡಿದಳು.
ಕುಲಗೋಡ ಮೇಡಂ ಏನೂ ಅನ್ನಲಿಲ್ಲ.
ಸೀರಿ ಎತ್ತಿ ಕಟ್ಟಿ ನೆಲಕ್ಕ ಕುಂತು, ಗದ್ದ ತೊಟ್ಟಿಯ ಅಂಚಿಗಿಟ್ಟು,
ಇಲಿಯ ಕಣ್ಣಿನ ಎತ್ತರದಿಂದ ಗೋಡಿ ನೋಡಿದರು.
ಕ್ಯಾಲೆಂಡರ್. ಬಾಗಲ. ಟ್ಯೂಬ್‌ಲೈಟು.
'ಭರಮಣ್ಣ, ದಿನಾ ಅಲ್ಲೇ ನಿಂದರತೀಯಾ?'
'ಹೌದ್ರಿ, ನಳ ಇಲ್ಲೇ ಐತಲ್ರಿ.'
ನನ್ನ ಕಾಲಿನ ಮುಂದ, ಮಾರುದ್ದದಾಗ, ಆ ಕಟ್ಟಿ.

ಏಳು ಮಣಿಯ ಬಲ ಅಲ್ಲ, ಹಂದಿಯ ಬಲ ಅಲ್ಲ,
ನನ್ನ ಖಾಕಿ ಅಂಗಿ ನೋಡಿಕೊಂತ ಅವು ದಂಡಿಗೆ ಬರತಿದ್ದವು.
ಹದಿನೇಳು ವರ್ಷದಾಗ ಯಾವ ಪ್ರಬಂಧದಾಗೂ ನನ್ನ ಹೆಸರಿಲ್ಲ;
ಮೂವತ್ತಾರು ಇಲಿ ನನ್ನನ್ನ ಬಾಯಿಪಾಠ ಮಾಡಿದ್ದವು.

ಖಾತ್ರಿಗೆ ಅಂತ ಮರುದಿನ ನನ್ನನ್ನ ಪರದೆ ಹಿಂದ ನಿಂದ್ರಿಸಿದರು.
ಸಂದಿನ್ಯಾಗಿಂದ ನೋಡಿದೆ.
ಜಾಂಬಳಿ ಬಾಲದ್ದೊಂದು ನೀರಿಗಿಳೀತು,
ಮೂತಿ ಎತ್ತಿ ಒಂದು ಸುತ್ತು, ಎರಡು ಸುತ್ತು,
ನಳದ ಕಡೆ ಬಂದು, ನಳ ಒಂದನ್ನ ನಂಬದ, ಹೊಳ್ಳಿ ಹೋತು.
ನಲವತ್ತು ಸೆಕೆಂಡು.
ಸುಮ್ಮನ ಒಂದು ಸಲ ಕೆಮ್ಮಿಬಿಡಲೇನು ಅನಿಸಿತು.
ಕೆಮ್ಮಲಿಲ್ಲ.
ತಹಸೀನ್ ರಜಿಸ್ಟರದಾಗ ಹಳೇದಕ್ಕೆಲ್ಲ ಒಂದ ಗೆರಿ ಎಳದು
'ಸೇವಕನ ಗುರುತು ಹಿಡಿದಿವೆ' ಅಂತ ಬರದಳು.
ಎಲ್ಲಾ ಮತ್ತ ಮೊದಲಿಂದ. ಬ್ಯಾರೆ ಇಲಿ, ಬ್ಯಾರೆ ಚೀಟಿ,
ಮುಂದ ಯಾವ ಶೀಷೆ ಗೆದ್ದೀತು, ದೇವರಿಗೇ ಗೊತ್ತು.

ಐತವಾರ ವೈನಿ ಮತ್ತ ಕೇಳಿದರು, ಹನಿ ತಂದೇನು?
ಇಲ್ರಿ, ಅಂದೆ. ಇಲಿಯ ಕತಿ ಹೇಳಿದೆ.
ನೀವು ದಿನಾ ಅಂಗಡಿ ಮೆಟ್ಟಲದ ಹತ್ರ ಒಂದ ಕಡೆ ನಿಂದರ್ರಿ,
ಸೀರಿ ಆದಷ್ಟು ಒಂದ ಬಣ್ಣದ್ದಿರಲಿ.
ಸಿಟ್ಟಿಗೆದ್ದರು. ನನಗೇನು ಬ್ಯಾರೆ ಕೆಲಸ ಇಲ್ಲೇನು, ಅಂದರು.
ಕಪ್ಪು ಬಸಿ ಎತ್ತಿಕೊಂಡು ಒಳಗ ಹೋದರು.
ಒಳಗಿಂದ ಸ್ವಲ್ಪ ಹೊತ್ತಿನ ಮ್ಯಾಲ ಕೇಳಿದರು:
ಎಷ್ಟು ಗಂಟೆಗೆ ಹೋಗಿ ನಿಂದರಬೇಕು?